ಟ್ರ್ಯಾಕ್ಟರಿಗೆ ತಕ್ಕ ಟ್ರೇಲರ್: ಕಬ್ಬು ಬೆಳೆಗಾರರು ಅರಿತಿರಬೇಕಾದ ಲೆಕ್ಕ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಹತ್ತಿರವಾದಂತೆ ರೈತ ಬಾಂಧವರು ಕೇಳುವ ಪ್ರಶ್ನೆ ಒಂದೇ: “ನನ್ನದು 45 ಅಶ್ವಶಕ್ತಿಯ ಟ್ರ್ಯಾಕ್ಟರು. ಎರಡು ಟ್ರೇಲರ್ ಜೋಡಿಸಿದರೆ ಎಳೆದೀತೇ?” ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವೂ ಒಂದೇ: “ಪಕ್ಕದ ಊರಿನವರು ಎಳೆಯುತ್ತಿದ್ದಾರೆ, ನಿಮ್ಮದೂ ಎಳೆಯುತ್ತದೆ.” ಸಾಲ ಮಾಡಿ ಟ್ರೇಲರ್ ಕೊಂಡ ಮೇಲೆ ಕ್ಲಚ್ ಸುಡುವುದು, ಹೊಲದಲ್ಲಿ ಹೂಳುವುದು, ಏರಿನಲ್ಲಿ ಮುಂದಿನ ಗಾಲಿ ಮೇಲೇಳುವುದು, ಇಳಿಜಾರಿನಲ್ಲಿ ಹೇರು ಹಿಂದಿನಿಂದ ತಳ್ಳಿಕೊಂಡು ಬರುವುದು, ಇವೆಲ್ಲ ಒಂದೊಂದಾಗಿ ಅನುಭವಕ್ಕೆ ಬರುತ್ತವೆ. ಕೆಲವೊಮ್ಮೆ ಆ ಅನುಭವಕ್ಕೆ ಜೀವವೇ ಬೆಲೆಯಾಗುತ್ತದೆ.

ಆದುದರಿಂದ ಕೇಳಬೇಕಾದ ಪ್ರಶ್ನೆ “ಎಳೆದೀತೇ?” ಎಂಬುದಲ್ಲ. “ಎಳೆದೀತೇ, ಹಿಡಿತದಲ್ಲಿರುತ್ತದೆಯೇ, ನಿಂತೀತೇ?” ಎಂಬ ಮೂರೂ ಆಗಬೇಕು. ಈ ಮೂರನ್ನೂ ಒಂದು ಉದಾಹರಣೆಯ ಮೂಲಕ ನೋಡೋಣ.

ಉದಾಹರಣೆಯ ಟ್ರ್ಯಾಕ್ಟರು

45 ಅಶ್ವಶಕ್ತಿಯ ಒಂದು ಟ್ರ್ಯಾಕ್ಟರಿನ ತೂಕ 2,000 ಕಿ.ಗ್ರಾಂ. ಎಂದು ಇಟ್ಟುಕೊಳ್ಳಿ. ಇದರಲ್ಲಿ ಹಿಂದಿನ ಗಾಲಿಗಳ ಮೇಲೆ ಸುಮಾರು 1,300 ಕಿ.ಗ್ರಾಂ., ಮುಂದಿನ ಗಾಲಿಗಳ ಮೇಲೆ 700 ಕಿ.ಗ್ರಾಂ. ಬೀಳುತ್ತದೆ. ಎಂಜಿನ್ನಿಗೆ ಎಷ್ಟೇ ಶಕ್ತಿ ಇರಲಿ, ಅದು ನೆಲಕ್ಕೆ ತಲುಪುವುದು ಹಿಂದಿನ ಎರಡು ಗಾಲಿಗಳ ಮೂಲಕ ಮಾತ್ರ. ಗೇರು ಇಳಿಸಿ ಬಲ ಹೆಚ್ಚಿಸಿಕೊಳ್ಳಬಹುದು. ಆದರೆ ಗಾಲಿಯ ಹಿಡಿತಕ್ಕೆ ಮೀರಿದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಈ ಹಿಡಿತ ಹಿಂದಿನ ಗಾಲಿಗಳ ಮೇಲಿನ ಭಾರದ ಸುಮಾರು ಶೇ. 60 ಎಂದು ಹಿಡಿದರೆ, ನಮ್ಮ ಟ್ರ್ಯಾಕ್ಟರಿಗೆ ದೊರೆಯುವ ಎಳೆತ 780 ಕಿ.ಗ್ರಾಂ. ಹಸಿ ಹೊಲದಲ್ಲಿ ಅದು ಶೇ. 40ಕ್ಕೆ, ಎಂದರೆ 520 ಕಿ.ಗ್ರಾಂ.ಗೆ ಇಳಿಯುತ್ತದೆ. ಅಶ್ವಶಕ್ತಿಯ ಅಂಕಿಗಿಂತ ಈ ಎರಡು ಅಂಕಿಗಳನ್ನು ನೆನಪಿಡುವುದು ಹೆಚ್ಚು ಉಪಯುಕ್ತ.

ಸಮತಟ್ಟಾದ ರಸ್ತೆ ಮೋಸ ಮಾಡುತ್ತದೆ

ಡಾಂಬರು ರಸ್ತೆಯ ಮೇಲೆ ಒಂದು ಟನ್ ಹೇರನ್ನು ಉರುಳಿಸಲು ಸುಮಾರು 25 ಕಿ.ಗ್ರಾಂ. ಎಳೆತ ಸಾಕು. ಟ್ರೇಲರಿನ ಸ್ವಂತ ತೂಕವೂ ಸೇರಿ ಎರಡು ಟ್ರೇಲರುಗಳಲ್ಲಿ 20 ಟನ್ ಇದ್ದರೂ ಬೇಕಾಗುವುದು 500 ಕಿ.ಗ್ರಾಂ. ಮಾತ್ರ. ನಮ್ಮ ಟ್ರ್ಯಾಕ್ಟರಿಗೆ 780 ಇದೆ. ಹೀಗಾಗಿ ಗಾಡಿ ಸಲೀಸಾಗಿ ಹೊರಡುತ್ತದೆ, “ನೋಡಿ, ಎಳೆಯಿತಲ್ಲ!” ಎನ್ನಿಸುತ್ತದೆ.

ಈಗ ಏರು ಬರಲಿ. ನೂರು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಪ್ರತಿ ಟನ್ನಿಗೆ ಇನ್ನೂ 10 ಕಿ.ಗ್ರಾಂ. ಎಳೆತ ಬೇಕು. ಇಲ್ಲಿ ಟ್ರ್ಯಾಕ್ಟರಿನ ತೂಕವನ್ನೂ ಸೇರಿಸಬೇಕು. ನೂರಕ್ಕೆ ಐದು ಮೀಟರಿನ ಏರಿನಲ್ಲಿ 22 ಟನ್ನಿಗೆ 1,100 ಕಿ.ಗ್ರಾಂ., ಮೊದಲಿನ 500 ಸೇರಿ 1,600 ಕಿ.ಗ್ರಾಂ. ಆಯಿತು. ಇರುವುದು 780. ಅಲ್ಲಿಗೆ ಗಾಡಿ ನಿಲ್ಲುತ್ತದೆ, ಅಥವಾ ಹಿಂದಕ್ಕೆ ಸರಿಯುತ್ತದೆ.

ಅದೇ ಏರಿನಲ್ಲಿ ನಾಲ್ಕು ಗಾಲಿಯ ಟ್ರೇಲರಿನ ಒಟ್ಟು ತೂಕ 9 ಟನ್ ಇದ್ದರೆ, ಉರುಳಿಸಲು 225, ಏರಿಗೆ 550, ಒಟ್ಟು 775 ಕಿ.ಗ್ರಾಂ. ಇದು ಕಟ್ಟಕಡೆಯ ಮಿತಿ. ಸ್ವಲ್ಪ ಅಂತರವಿಟ್ಟು 8 ಟನ್ ಎಂದಿಟ್ಟುಕೊಳ್ಳುವುದು ಜಾಣತನ. ಟ್ರೇಲರಿನ ಸ್ವಂತ ತೂಕ 2 ಟನ್ ಆದರೆ ಕಬ್ಬು 6 ಟನ್. ಮೂಡಲಗಿಯ ಬಯಲಿನಲ್ಲೇ ಓಡಾಡುವವರಿಗೂ ಕಾಲುವೆಯ ಸೇತುವೆ, ಹೊಲದಿಂದ ರಸ್ತೆಗೆ ಹತ್ತುವ ಕಚ್ಚಾ ಏರು ತಪ್ಪಿದ್ದಲ್ಲ. ಗೋಕಾಕ ಫಾಲ್ಸ್ ಕಡೆಯ ಗುಡ್ಡದ ದಾರಿ ಮತ್ತು ಹುಕ್ಕೇರಿ ತಾಲೂಕಿನ ಪಡುವಣ ಭಾಗದ ಏರುತಗ್ಗುಗಳನ್ನಂತೂ ಹೇಳಬೇಕಾಗಿಲ್ಲ. ತಮ್ಮ ದಾರಿಯ ಅತಿ ಕಡಿದಾದ ಜಾಗ ಯಾವುದೋ ಅದಕ್ಕೆ ಲೆಕ್ಕ ಹಾಕಬೇಕು, ಉಳಿದ ದಾರಿಗಲ್ಲ.

ಮುಂದಿನ ಗಾಲಿ ಏಕೆ ಏಳುತ್ತದೆ?

ನಾಲ್ಕು ಗಾಲಿಯ ಟ್ರೇಲರು ತನ್ನ ಹೇರನ್ನು ತಾನೇ ಹೊರುತ್ತದೆ. ಎರಡು ಗಾಲಿಯ ಟ್ರೇಲರು ಹೇರಿನ ಒಂದು ಪಾಲನ್ನು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಮೇಲೆ ಹೇರುತ್ತದೆ. ಇದರಿಂದ ಹಿಂದಿನ ಗಾಲಿಗಳ ಹಿಡಿತ ಹೆಚ್ಚುವುದು ನಿಜ. ಹೊಲದಲ್ಲಿ ಇದು ಅನುಕೂಲವೇ. ಆದರೆ ಕೊಂಡಿಯು ಹಿಂದಿನ ಅಚ್ಚಿಗಿಂತ ಹಿಂದೆ ಇರುವುದರಿಂದ ತಕ್ಕಡಿಯಂತೆ ಮುಂಭಾಗ ಹಗುರವಾಗುತ್ತದೆ.

ನಮ್ಮ ಟ್ರ್ಯಾಕ್ಟರಿನ ಎರಡು ಅಚ್ಚುಗಳ ನಡುವೆ 1.9 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ 0.7 ಮೀಟರ್ ಎಂದುಕೊಳ್ಳಿ. ಕೊಂಡಿಯ ಮೇಲೆ 1,000 ಕಿ.ಗ್ರಾಂ. ಬಿದ್ದರೆ ಮುಂದಿನ ಗಾಲಿಗಳಿಂದ ಸುಮಾರು 370 ಕಿ.ಗ್ರಾಂ. ಕಳೆಯುತ್ತದೆ. ಒಟ್ಟು 6 ಟನ್ನಿನ ಆ ಟ್ರೇಲರನ್ನು ಮೇಲೆ ಹೇಳಿದ ಏರಿನಲ್ಲಿ ಎಳೆಯುವಾಗ ಇನ್ನೂ ಸುಮಾರು 130 ಕಿ.ಗ್ರಾಂ. ಹೋಗುತ್ತದೆ. 700 ಇದ್ದದ್ದು 200ಕ್ಕೆ ಇಳಿಯಿತು. ಟ್ರ್ಯಾಕ್ಟರು ಹೇಳಿದಂತೆ ತಿರುಗಬೇಕಾದರೆ ಅದರ ತೂಕದ ಐದನೆಯ ಒಂದು ಭಾಗ, ಇಲ್ಲಿ 400 ಕಿ.ಗ್ರಾಂ., ಮುಂದಿನ ಗಾಲಿಗಳ ಮೇಲೆ ಇರಲೇಬೇಕು. 200 ಕಿ.ಗ್ರಾಂ. ಮಾತ್ರ ಇದ್ದಾಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಬದು ಹತ್ತಿಸುವಾಗ ಒಮ್ಮೆಲೇ ಕ್ಲಚ್ ಬಿಟ್ಟರೆ ಮುಂಭಾಗ ಮೇಲೆದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚಬಹುದು.

ಇದಕ್ಕೆ ಬಾನೆಟ್ಟಿನ ಮೇಲೆ ಆಳು ಕೂಡಿಸುವುದು ಪರಿಹಾರವಲ್ಲ. ಮಗುಚಿದರೆ ಮೊದಲು ಹೋಗುವ ಜೀವ ಅವನದೇ. ಮುಂಭಾಗಕ್ಕೆ ಕಂಪನಿಯ ಎರಕದ ತೂಕಗಳನ್ನು ಹಾಕಿಸಿ. ಎರಡು ಗಾಲಿಯ ಟ್ರೇಲರಿನಲ್ಲಿ ಹೇರನ್ನು ಅಚ್ಚಿನ ಮೇಲೆ ಸಮನಾಗಿ ಜೋಡಿಸಿ, ಕೊಂಡಿಯ ಭಾರ 500 ಕಿ.ಗ್ರಾಂ. ಮೀರದಂತೆ ನೋಡಿಕೊಳ್ಳಿ. ಮೇಲಿನ ಲಿಂಕ್ ಜೋಡಿಸುವ ಜಾಗಕ್ಕೆ ಹೇರನ್ನು ಎಂದಿಗೂ ಕಟ್ಟಬಾರದು. ಕೊಂಡಿ ಕೆಳಗಿದ್ದಷ್ಟೂ ಕ್ಷೇಮ.

ಇಳಿಜಾರಿನಲ್ಲಿ ನಿಲ್ಲುವುದೇ?

ಟ್ರ್ಯಾಕ್ಟರಿನ ಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಇರುತ್ತದೆ. ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ ಇಡೀ ಹೇರನ್ನು ನಿಲ್ಲಿಸುವುದು ಅದೇ 780 ಕಿ.ಗ್ರಾಂ. ಹಿಡಿತ. ನಾಲ್ಕು ಗಾಲಿಯ ಟ್ರೇಲರುಗಳಲ್ಲಿ 12 ಟನ್, ಟ್ರ್ಯಾಕ್ಟರು ಸೇರಿ 14 ಟನ್ ತೂಕ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದಾಗ ಪೂರ್ತಿ ಬ್ರೇಕು ಒತ್ತಿದರೆ ಹೀಗಾಗುತ್ತದೆ:

1. ಸಮತಟ್ಟು ರಸ್ತೆಯಲ್ಲಿ: ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ.
2. ನೂರಕ್ಕೆ 5 ಮೀಟರಿನ ಇಳಿಜಾರಿನಲ್ಲಿ: ಸುಮಾರು 50 ಮೀಟರ್ ಬೇಕು.
3. ನೂರಕ್ಕೆ 8 ಮೀಟರಿನ ಇಳಿಜಾರಿನಲ್ಲಿ: ತಡೆಯುವ ಬಲ 1,130 ಕಿ.ಗ್ರಾಂ., ತಳ್ಳುವ ಬಲ 1,120 ಕಿ.ಗ್ರಾಂ. ಎಂದರೆ ಗಾಡಿ ನಿಲ್ಲುವುದೇ ಇಲ್ಲ ಎನ್ನಬೇಕು.

ಮೂರನೆಯ ಸಾಲನ್ನು ಇನ್ನೊಮ್ಮೆ ಓದಿರಿ. ಚಾಲಕ ಎಷ್ಟೇ ಅನುಭವಿಯಾಗಿರಲಿ, ಬ್ರೇಕು ಎಷ್ಟೇ ಹೊಸದಿರಲಿ, ಅಲ್ಲಿ ಆತ ಮಾಡಬಹುದಾದ್ದು ಏನೂ ಉಳಿದಿರುವುದಿಲ್ಲ. ಕೆಳಗಿನ ಗೇರು ಬ್ರೇಕು ಕಾಯುವುದನ್ನು ತಪ್ಪಿಸುತ್ತದೆ ನಿಜ, ಆದರೆ ಗೇರಿನ ತಡೆಯೂ ಅದೇ ಎರಡು ಗಾಲಿಗಳ ಮೂಲಕವೇ ಬರಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವುದಂತೂ ಕೈಯಾರೆ ತಂದುಕೊಳ್ಳುವ ಅಪಾಯ. ತಿರುವಿನಲ್ಲಿ ಬ್ರೇಕು ಒತ್ತಿದಾಗ ಹಿಂದಿನ ಟ್ರೇಲರು ಟ್ರ್ಯಾಕ್ಟರನ್ನು ಪಕ್ಕಕ್ಕೆ ತಳ್ಳಿ ಮಡಚಿಕೊಳ್ಳುತ್ತದೆ. ಎರಡು ಟ್ರೇಲರಿದ್ದರೆ ಈ ಅಪಾಯ ಇನ್ನೂ ಹೆಚ್ಚು.

ಇದೇ ಲೆಕ್ಕದಂತೆ, ನೂರಕ್ಕೆ 5 ಮೀಟರಿನ ಇಳಿಜಾರಿನಲ್ಲಿ ಸುಮಾರು 16 ಮೀಟರಿನೊಳಗೆ ನಿಲ್ಲಬೇಕಾದರೆ ಬ್ರೇಕಿಲ್ಲದ ಟ್ರೇಲರಿನ ಒಟ್ಟು ತೂಕ ಸುಮಾರು 4 ಟನ್ ಮೀರಬಾರದು, ಎಂದರೆ ಟ್ರ್ಯಾಕ್ಟರಿನ ತೂಕದ ಎರಡು ಪಟ್ಟು. ಅದಕ್ಕಿಂತ ಹೆಚ್ಚು ಸಾಗಿಸುವವರು ಬ್ರೇಕು ಇರುವ ಟ್ರೇಲರನ್ನೇ ಕೊಳ್ಳಬೇಕು, ಆ ಬ್ರೇಕನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಇಡಬೇಕು.

ಹೊಲ ಮತ್ತು ಕುಳೆ ಬೆಳೆ

ಬೇಸಾಯಶಾಸ್ತ್ರದವನಾಗಿ ಈ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಘಟಪ್ರಭಾ ಕಾಲುವೆಯ ನೀರು ಉಣ್ಣುವ ನಮ್ಮ ಎರೆ ಭೂಮಿ ಹಸಿಯಿದ್ದಾಗ ಒಂದು ಟನ್ನಿಗೆ 150 ಕಿ.ಗ್ರಾಂ. ಇಲ್ಲವೆ ಅದಕ್ಕೂ ಹೆಚ್ಚು ಎಳೆತ ಬೇಡುತ್ತದೆ. ದೊರೆಯುವ 520 ಕಿ.ಗ್ರಾಂ. ಎಳೆತಕ್ಕೆ ಒಟ್ಟು ಮೂರೂವರೆ ಟನ್ನಿನ ಟ್ರೇಲರು ಮಾತ್ರ ಹೊರಬಂದೀತು. ಹೂತ ಗಾಡಿಯನ್ನು ಇನ್ನೊಂದು ಟ್ರ್ಯಾಕ್ಟರು ಕಟ್ಟಿ ಎಳೆದು ತೆಗೆಯಬಹುದು. ಆದರೆ ಗಾಲಿ ತುಳಿದ ಸಾಲುಗಳಲ್ಲಿ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ, ಬೇರಿಗೆ ಗಾಳಿ ಸಿಗದೆ, ಬುಡಗಳು ಒಡೆದು ಕುಳೆ ಬೆಳೆ ವಿರಳವಾಗುತ್ತದೆ. ಟಾಯರಿನ ಗಾಳಿ ಹೆಚ್ಚಿದ್ದರೆ ಮೇಲ್ಮಣ್ಣು ಗಟ್ಟಿಯಾಗುತ್ತದೆ, ಅದನ್ನು ಉಳುಮೆಯಿಂದ ಸರಿಪಡಿಸಬಹುದು. ಅಚ್ಚಿನ ಮೇಲಿನ ಭಾರ ಹೆಚ್ಚಿದ್ದರೆ ಕೆಳಮಣ್ಣೇ ಗಟ್ಟಿಯಾಗುತ್ತದೆ, ಅದು ನೇಗಿಲಿಗೆ ಎಟುಕುವುದಿಲ್ಲ. ಈ ಹಂಗಾಮಿನಲ್ಲಿ ಒಂದು ಖೇಪು ಉಳಿಸಿದ ಲಾಭ ಮುಂದಿನ ಕುಳೆಯಲ್ಲಿ ಕಳೆದುಹೋಗುತ್ತದೆ.

ಆದ್ದರಿಂದ ಕಟಾವಿಗೆ ಸುಮಾರು 15 ದಿನ ಮುಂಚೆ ನೀರು ನಿಲ್ಲಿಸಿ. ಟ್ರೇಲರು ಓಡಾಡಲು ಹೊಲದಲ್ಲಿ ಒಂದೇ ದಾರಿ ಗೊತ್ತುಮಾಡಿ. ನೆಲ ಹಸಿಯಿದ್ದರೆ ಅರ್ಧ ಹೇರಿನಲ್ಲಿ ಹೊರತೆಗೆದು, ಉಳಿದದ್ದನ್ನು ರಸ್ತೆಯ ಬದಿಯ ಗಟ್ಟಿ ನೆಲದಲ್ಲಿ ತುಂಬಿ.

ಕೊಳ್ಳುವ ಮುನ್ನ

ಸಾಗಾಣಿಕೆಯ ಬಾಡಿಗೆ ಟನ್ನಿನ ಲೆಕ್ಕದಲ್ಲಿ ಬರುವುದರಿಂದ ಹೆಚ್ಚು ಹೇರುವ ಆಸೆ ಸಹಜ. ಆದರೂ ಈ ಕೆಳಗಿನ ಅಂಶಗಳನ್ನು ಪಾಲಿಸಿರಿ.

1. ಸಂಕೇಶ್ವರದ ಹಿರಣ್ಯಕೇಶಿಯಾಗಲಿ ಬೇರಾವ ಸಕ್ಕರೆ ಕಾರ್ಖಾನೆಯಾಗಲಿ, ಕಬ್ಬು ಕೊಟ್ಟಾಗ ಬರುವ ತೂಕದ ಚೀಟಿಯನ್ನು ಕಾದಿಡಿ. ತುಂಬಿದ ತೂಕ, ಖಾಲಿ ತೂಕ ಎರಡೂ ಅದರಲ್ಲಿವೆ. ತಮ್ಮ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ.
2. ತುಂಬಿದ ಟ್ರೇಲರ್ ಜೋಡಿಸಿಕೊಂಡೇ, ಟ್ರ್ಯಾಕ್ಟರಿನ ಮುಂದಿನ ಎರಡು ಗಾಲಿಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ಒಮ್ಮೆ ತೂಗಿಸಿ. ಟ್ರ್ಯಾಕ್ಟರಿನ ತೂಕದ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಬಂದರೆ ಹೇರು ಇಳಿಸಿ.
3. ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುವ ಎಳೆಯುವ ಮಿತಿ, ಟ್ರೇಲರಿನ ನೋಂದಣಿ ಪತ್ರದಲ್ಲಿರುವ ಒಟ್ಟು ತೂಕ, ಟಾಯರಿನ ಮೇಲಿನ ಭಾರದ ಮಿತಿ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ತಮ್ಮ ಮಿತಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿಮೀರಿದ ಹೇರಿಗೆ 20,000 ರೂ., ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂ. ದಂಡವಿದೆ.
4. ರಸ್ತೆಗೆ ಇಳಿಯುವ ಮುನ್ನ ಎರಡೂ ಬ್ರೇಕ್ ಪೆಡಲುಗಳನ್ನು ಕೂಡಿಸಿ ಚಿಲಕ ಹಾಕಿ. ಕೊಂಡಿಯ ಪಿನ್ನಿಗೆ ತಡೆಗೂಟ, ಜೊತೆಗೆ ಒಂದು ಸರಪಳಿ ಇರಲಿ.
5. ಹಿಂಬದಿಗೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಕಡ್ಡಾಯವಾಗಿರಲಿ. ಚಾಚಿದ ಕಬ್ಬಿನ ಸೋಗೆ ಅದನ್ನು ಮುಚ್ಚದಿರಲಿ. ಸರದಿಗೆ ಕಾಯುವಾಗ ರಾತ್ರಿ ರಸ್ತೆಯ ಮೇಲೆ ನಿಲ್ಲಿಸಬೇಡಿ. ಕತ್ತಲಲ್ಲಿ ಬರುವ ಮೋಟಾರ್ ಸೈಕಲ್ಲಿನವನಿಗೆ ನಿಂತ ಟ್ರೇಲರು ಕಾಣುವುದಿಲ್ಲ.

ಕೊನೆಯದಾಗಿ, 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಬ್ರೇಕು ಇರುವ ಒಂದೇ ಒಳ್ಳೆಯ ಟ್ರೇಲರು ಸಾಕು ಎಂಬುದು ಈ ಲೆಕ್ಕದ ಸಾರ. ದಿನಕ್ಕೆ ಒಂದು ಖೇಪು ಹೆಚ್ಚಾದೀತು. ಆದರೆ ಟ್ರ್ಯಾಕ್ಟರು ಹೆಚ್ಚು ವರ್ಷ ಬಾಳುತ್ತದೆ, ಕುಳೆ ಬೆಳೆ ಉಳಿಯುತ್ತದೆ, ಚಾಲಕ ಸಂಜೆ ಮನೆಗೆ ಬರುತ್ತಾನೆ. ವಿಸ್ತರಣಾ ಕಾರ್ಯಕರ್ತರು ಹಂಗಾಮು ಆರಂಭವಾಗುವ ಮುನ್ನವೇ ಗ್ರಾಮ ಸಭೆಗಳಲ್ಲಿ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಬೇಕೆಂದು ವಿನಂತಿ. ಸಾಲದ ಅರ್ಜಿಗೆ ಸಹಿ ಬೀಳುವುದಕ್ಕೆ ಮೊದಲು ಈ ಲೆಕ್ಕ ಆಗಬೇಕು, ನಂತರವಲ್ಲ.