ಕೈಬಿಟ್ಟ ಕಸಿವಿದ್ಯೆಯನ್ನು ಪುನಃ ಅಭ್ಯಾಸ ಮಾಡುವ ಕ್ರಮ

ಪ್ರಾಯದಲ್ಲಿ ಮಾವಿನ ಕಸಿ ಕಟ್ಟುವುದನ್ನು ಕಲಿತು, ಅನಂತರ ಬಹುಕಾಲ ಅದನ್ನು ಬಿಟ್ಟಿರುವ ರೈತರು ಅನೇಕರಿದ್ದಾರೆ. ರಸಪುರಿಯ ಓಟೆಯನ್ನು ನೆಟ್ಟರೆ ತಾಯಿಮರದ ಹಣ್ಣೇ ಬರುವುದೆಂಬ ಭರವಸೆಯಿಲ್ಲ. ಮುದಿಮರವು ಒಣಗುವುದಕ್ಕೆ ಮುಂಚೆ ಕಸಿ ಮಾಡದಿದ್ದರೆ ಆ ಹಣ್ಣು ತೋಟದಿಂದ ಹೋದಂತೆಯೇ ಸರಿ.

12 ವರ್ಷ ಕಚೇರಿ ಕೆಲಸದಲ್ಲಿದ್ದ ತರುವಾಯ ನಾನು ಕಟ್ಟಿದ 10 ಕಸಿಗಳಲ್ಲಿ 2 ಮಾತ್ರ ಕೂಡಿದವು. ಕ್ರಮವು ನೆನಪಿನಲ್ಲಿದ್ದಿತು, ಕೈ ಮರೆತಿದ್ದಿತು.

ಆದಕಾರಣ ಮೊದಲು ತಾಯಿಮರವನ್ನು ಮುಟ್ಟಬಾರದು. ಸವರಿ ಹಾಕಿದ ಹಸಿ ರೆಂಬೆಗಳಲ್ಲಿ ಒಂದು ವಾರ ಅಭ್ಯಾಸ ಮಾಡತಕ್ಕದ್ದು. ಹರಿತವಾದ ಚಾಕುವಿನಿಂದ, ಒಂದೇ ಎಳೆತಕ್ಕೆ, 2 ಅಂಗುಲ ಉದ್ದ ತೊಗಟೆಯನ್ನು ತುಸು ಮರದೊಡನೆ ಕೆತ್ತಬೇಕು. ಕೆತ್ತಿದ ಎರಡು ಮೈಗಳನ್ನು ಜೋಡಿಸಿ ಬೆಳಕಿಗೆ ಹಿಡಿದಾಗ ಸಂದು ಕಾಣದಿದ್ದರೆ ಕೈ ಕುದುರಿತೆಂದು ತಿಳಿಯಬಹುದು.

ಬಳಿಕ ಮಳೆಗಾಲದಲ್ಲಿ, ಒಂದು ವರ್ಷದ ಕುಂಡದ ಸಸಿಯನ್ನೂ ಅದೇ ಗಾತ್ರದ ರೆಂಬೆಯನ್ನೂ ತೊಗಟೆಗೆ ತೊಗಟೆ ಸೇರುವಂತೆ ಕೂಡಿಸಿ ಬಾಳೆನಾರಿನಿಂದ ಬಿಗಿಯಬೇಕು. ಬೆಸೆಯಲು 2–3 ತಿಂಗಳು ಹಿಡಿಯುವುದು. ಅನಂತರ ಕಸಿಯ ಕೆಳಗೆ ರೆಂಬೆಯನ್ನೂ, ಮೇಲೆ ಸಸಿಯ ತಲೆಯನ್ನೂ ಒಮ್ಮೆಗೇ ಕಡಿಯದೆ, ಹಲವು ಸಲವಾಗಿ ಕತ್ತರಿಸತಕ್ಕದ್ದು.

ಗ್ರಾಮದ ಮುಖಂಡರು ಇಬ್ಬರು ಹುಡುಗರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರೆ ಈ ವಿದ್ಯೆಯು ಪುನಃ ಕೈಬಿಟ್ಟುಹೋಗದು.