ಕುಂಡ ಬದಲಿಸಿದ ಕರಿಬೇವು ಬಾಡಿದರೆ

ನಮ್ಮ ವಾಚನಾಲಯಕ್ಕೆ ಬರುವ ಬಂಧು-ಭಗಿನಿಯರಲ್ಲಿ ಹಲವರ ಗ್ಯಾಲರಿಯಲ್ಲಿ ತುಳಸಿಯ ಬದಿಗೆ ಒಂದು ಕರಿಬೇವಿನ ಕುಂಡವೂ ಇರುವದು. ಊರ ಹಿತ್ತಲಿನಿಂದ ತಾಯಿಯೋ ಅತ್ತೆಯೋ ಕಿತ್ತುಕೊಟ್ಟ ಸಸಿ ಅದು. ದುಡ್ಡು ಕೊಟ್ಟರೆ ಇನ್ನೊಂದು ಕರಿಬೇವು ಸಿಕ್ಕೀತು; ಆ ಕರಿಬೇವು ಮಾತ್ರ ಸಿಗಲಾರದು. ಎರಡು-ಮೂರು ವರುಷಗಳಲ್ಲಿ ಕುಂಡ ಸಾಲದಾಗಿ ಅದನ್ನು ದೊಡ್ಡ ಕುಂಡಕ್ಕೆ ಬದಲಿಸುತ್ತೇವೆ. ನಾಲ್ಕೇ ದಿನಗಳಲ್ಲಿ ಎಲೆಗಳು ಜೋತುಬಿದ್ದು, ಹಳದಿಯಾಗಿ ಉದುರತೊಡಗುತ್ತವೆ. ಮನೆಯವರೆಲ್ಲ ಗಾಬರಿಯಾಗಿ ಒಬ್ಬರು ನೀರು ಹೊಯ್ಯುತ್ತಾರೆ, ಇನ್ನೊಬ್ಬರು ಗೊಬ್ಬರ ಹಾಕುತ್ತಾರೆ, ಮತ್ತೊಬ್ಬರು ಬಿಸಿಲಿಗಿಡುತ್ತಾರೆ. ಎಷ್ಟೋ ಗಿಡಗಳು ಸಾಯುವದು ಕುಂಡ ಬದಲಿಸಿದ್ದರಿಂದಲ್ಲ, ಆ ಬಳಿಕ ನಡೆದ ಈ ಉಪಚಾರದಿಂದ. ಆದುದರಿಂದ ಗಿಡಕ್ಕೆ ಆದುದೇನು ಎಂಬುದನ್ನು ಮೊದಲು ತಿಳಿಯೋಣ.

ಗಿಡದ ಜಮೆ-ಖರ್ಚು

ಗಿಡಕ್ಕೆ ನೀರು ಜಮೆಯಾಗುವದು ಬೇರಿನಿಂದ, ಖರ್ಚಾಗುವದು ಎಲೆಯಿಂದ. ಎಲೆಯ ಮೇಲಿನ, ವಿಶೇಷವಾಗಿ ಅದರ ಕೆಳಮೈಯ, ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುವದು. ಈ ಖರ್ಚು ಅಲ್ಪವಲ್ಲ. ಇಂಗ್ಲಂಡದ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯು ಕುಂಡದ ಮಣ್ಣಿನಿಂದ ನೀರು ಆರದಂತೆ ಸೀಸದ ತಗಡು ಮುಚ್ಚಿ, ಒಂದು ಸೂರ್ಯಕಾಂತಿ ಗಿಡವನ್ನು ದಿನವೂ ತೂಗಿ ನೋಡಿದನು. ಮೂರೂವರೆ ಅಡಿ ಎತ್ತರದ ಆ ಗಿಡವು ಹಗಲಿನ 12 ತಾಸುಗಳಲ್ಲಿ ಸರಾಸರಿ 20 ಔನ್ಸು, ಅಂದರೆ ಅರ್ಧ ಲೀಟರಿಗೂ ಮಿಕ್ಕಿ, ನೀರನ್ನು ಹೊರಹಾಕುತ್ತಿತ್ತು. ಇದನ್ನು ಅವನು 1727ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದನು.

ಇನ್ನು ಜಮೆಯ ಕಡೆಗೆ ನೋಡೋಣ. ನೀರನ್ನು ಹೆಚ್ಚಾಗಿ ಹೀರುವವು ದಪ್ಪ ಬೇರುಗಳಲ್ಲ. ಎಳೆಬೇರುಗಳ ತುದಿಯ ಹತ್ತಿರವಿರುವ, ಕಣ್ಣಿಗೆ ಕಂಡೂ ಕಾಣದಂಥ ರೋಮಗಳು. ಕುಂಡದಿಂದ ಗಿಡವನ್ನು ಎತ್ತುವಾಗ ಮೊದಲು ಹರಿದುಹೋಗುವವು ಇವೇ. ಕರಿಬೇವಿಗೆ ಆಳಕ್ಕಿಳಿಯುವ ತಾಯಿಬೇರು ಇರುವದರಿಂದ ಬೇರು ಕದಲಿಸುವದು ಅದಕ್ಕೆ ಹೆಚ್ಚು ಸೈರಿಸದು. ಜಮೆ ಒಮ್ಮೆಲೆ ಇಳಿಯಿತು, ಖರ್ಚು ಮಾತ್ರ ಮೊದಲಿನಷ್ಟೇ ಉಳಿಯಿತು. ಆಗ ಗಿಡವು ಎಲೆಯುದುರಿಸಿ ಖರ್ಚು ಕಡಿಮೆ ಮಾಡುವದು. ಹೊಸ ರೋಮಗಳು ಹುಟ್ಟುವ ವರೆಗೆ ಆ ಖರ್ಚಿಗೆ ಕಡಿವಾಣ ಹಾಕುವದೇ ನಮ್ಮ ಕೆಲಸ.

ಮಾಡತಕ್ಕದ್ದು

1. ನೆರಳು: ಕುಂಡವನ್ನು ಎಂಟು-ಹತ್ತು ದಿನ ಬೆಳಕಿರುವ ನೆರಳಿನಲ್ಲಿ, ಬಿರುಗಾಳಿ ತಾಗದ ಕಡೆ ಇಡಬೇಕು. ಬಳಿಕ ಮುಂಜಾನೆಯ ಎಳೆಬಿಸಿಲಿಗೆ, ಆಮೇಲೆ ಮೆಲ್ಲಮೆಲ್ಲನೆ ಪೂರ್ಣ ಬಿಸಿಲಿಗೆ ತರಬೇಕು.

2. ನೀರು: ನೆಟ್ಟ ದಿನ ತಳದ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಬೇಕು. ಮುಂದೆ ಬೆರಳನ್ನು ಒಂದೆರಡು ಅಂಗುಲ ಮಣ್ಣಿನಲ್ಲಿ ಇಳಿಸಿ ನೋಡಿ, ಒಣಗಿದ್ದರಷ್ಟೇ ಹಾಕಬೇಕು. ಬೇರಿಗೂ ಉಸಿರಾಟವುಂಟು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಗಾಳಿಯಿಲ್ಲದೆ ಬೇರು ಕೊಳೆಯುವದು.

3. ಗೊಬ್ಬರ: ಮೂರು-ನಾಲ್ಕು ವಾರ ಬೇಡ. ರಾಸಾಯನಿಕ ಗೊಬ್ಬರವೆಂದರೆ ಉಪ್ಪು. ಮಣ್ಣಿನಲ್ಲಿ ಅದು ಹೆಚ್ಚಾದರೆ ಬೇರು ನೀರನ್ನು ಹೀರುವದು ಇನ್ನೂ ಕಠಿಣವಾಗುವದು. ಹೊಸ ಚಿಗುರು ಬಂದ ಮೇಲೆ ಅಲ್ಪ ಪ್ರಮಾಣದಲ್ಲಿ ಕೊಡಬಹುದು.

4. ಕತ್ತರಿ: ಒಣಗಿದ ಎಲೆ-ಕಡ್ಡಿಗಳನ್ನಷ್ಟೇ ತೆಗೆಯಬೇಕು. ಟೊಂಗೆಗಳನ್ನು ಬೋಳಿಸಬಾರದು, ಬೇರು ಬೆಳೆಯಲು ಪ್ರೇರಿಸುವ ರಸವು ಚಿಗುರುತುದಿಗಳಿಂದ ಇಳಿದುಬರುವದು. ಹೂಗೊಂಚಲು ಇದ್ದರೆ ಚಿವುಟಬೇಕು. ಒಗ್ಗರಣೆಗೂ ಈ ಗಿಡದ ಎಲೆ ಕೆಲದಿನ ಬೇಡ.

ಇಷ್ಟು ಮಾಡಿದರೂ ಬಾಡಿದರೆ?

ನಡುಹಗಲಿನಲ್ಲಿ ಬಾಡಿ ಸಂಜೆಗೆ ಚೇತರಿಸುವ ಗಿಡದ ಚಿಂತೆ ಬೇಡ. ಬೆಳಗಿನಲ್ಲಿಯೇ ಬಾಡಿದ್ದರೆ ಮಣ್ಣನ್ನು ಪರೀಕ್ಷಿಸಬೇಕು. ನೀರಿಲ್ಲದೆ ಬಾಡಿದ ಗಿಡವೂ ನೀರು ಹೆಚ್ಚಾಗಿ ಬಾಡಿದ ಗಿಡವೂ ಮೇಲುನೋಟಕ್ಕೆ ಒಂದೇ. ಎಷ್ಟೋ ಮನೆಗಳಲ್ಲಿ ಮೋಸವಾಗುವದು ಇಲ್ಲಿಯೇ.

ಮಣ್ಣು ಒಣಗಿ ಕುಂಡದ ಗೋಡೆ ಬಿಟ್ಟಿದ್ದರೆ ಮೇಲಿಂದ ಹೊಯ್ದ ನೀರು ಆ ಸಂದಿನಿಂದಲೇ ಹರಿದುಹೋಗುವದು. ಕುಂಡವನ್ನು ಬಕೀಟಿನ ನೀರಿನಲ್ಲಿ ಗುಳ್ಳೆ ಏಳುವದು ನಿಲ್ಲುವ ವರೆಗೆ ಇಟ್ಟು ತೆಗೆಯಬೇಕು. ಮಣ್ಣು ಹಸಿಯಾಗಿದ್ದು ಕೊಳೆತ ವಾಸನೆ ಬಂದರೆ ಗಿಡವನ್ನು ಎತ್ತಿ, ಕರಿದಾಗಿ ಮೆತ್ತಗಾದ ಬೇರುಗಳನ್ನು ಶುದ್ಧವಾದ ಚಾಕುವಿನಿಂದ ಕತ್ತರಿಸಿ, ಉಸುಕು ಬೆರೆಸಿದ ಹೊಸ ಮಣ್ಣಿನಲ್ಲಿ, ಉಳಿದ ಬೇರಿಗೆ ತಕ್ಕ ಸಣ್ಣ ಕುಂಡದಲ್ಲಿ ನೆಡಬೇಕು.

ಎಲೆಯೆಲ್ಲ ಉದುರಿದರೂ ಗಿಡವನ್ನು ಎಸೆಯಬಾರದು. ಕಾಂಡದ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿರಿ. ಒಳಗೆ ಹಸಿರಿದ್ದರೆ ಜೀವವಿದೆ. ಮೇಲೆ ಒಣಗಿ ಕಂಡರೆ ಕೆಳಗೆ, ಬುಡದ ಹತ್ತಿರ ಕೆರೆಯಿರಿ. ಕರಿಬೇವಿಗೆ ಬೇರಿನಿಂದಲೂ ಮರಿ ಒಡೆಯುವ ಗುಣವಿರುವದರಿಂದ ಕೆಲವು ವಾರ ತಾಳ್ಮೆಯಿಂದ ಕಾಯುವದು ಲೇಸು.

ಮುಂದಿನ ಸಲಕ್ಕೆ

ಹೊಸ ಕುಂಡ ಹಳೆಯದಕ್ಕಿಂತ ಒಂದೆರಡು ಅಂಗುಲ ಅಗಲವಿದ್ದರೆ ಸಾಕು; ಬೇರಿಲ್ಲದ ಮಣ್ಣು ಬಹಳವಿದ್ದರೆ ನೀರು ಬೇಗ ಆರದು. ಹಿಂದಿನ ದಿನವೇ ನೀರುಣಿಸಿ, ಬೇರುಮುದ್ದೆ ಒಡೆಯದಂತೆ ಎತ್ತಬೇಕು. ಕಾಂಡವು ಮೊದಲಿದ್ದ ಮಟ್ಟಕ್ಕಿಂತ ಆಳಕ್ಕೆ ಹೋಗಬಾರದು. ತಳದಲ್ಲಿ ಜಲ್ಲಿ ತುಂಬುವ ರೂಢಿಯಿಂದ ನೀರು ಬೇಗ ಬಸಿಯದು. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು. ಮುಂಬಯಿ-ಪುಣೆಗಳಲ್ಲಿ ಮಳೆಗಾಲದ ಆರಂಭವು ಒಳ್ಳೆಯ ಸಮಯ. ಗಾಳಿಯಲ್ಲಿ ತೇವವಿದ್ದಷ್ಟು ಎಲೆಯ ಖರ್ಚು ಕಡಿಮೆ. ದಿಲ್ಲಿಯವರು ಚಳಿಗಾಲವನ್ನೂ ಮೇ-ಜೂನಿನ ಬಿಸಿಗಾಳಿಯನ್ನೂ ತಪ್ಪಿಸಬೇಕು. ಚಳಿಯಲ್ಲಿ ಕರಿಬೇವು ಬೆಳೆಯುವದನ್ನೇ ನಿಲ್ಲಿಸುವದು.

ಮಕ್ಕಳು ಮಾಡಿನೋಡತಕ್ಕ ಪ್ರಯೋಗ

ಚೆನ್ನಾಗಿರುವ ಗಿಡದ ಒಂದು ಟೊಂಗೆಗೆ ಬೆಳಿಗ್ಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿಯನ್ನು ದಾರದಿಂದ ಮೆತ್ತಗೆ ಕಟ್ಟಿರಿ. ಸಂಜೆಗೆ ಚೀಲದೊಳಗೆ ಕಾಣುವದೇನು? ಅದು ಎಲ್ಲಿಂದ ಬಂದಿತು? ಬೇರು ಹರಿದ ಗಿಡಕ್ಕೆ ಅಷ್ಟು ನೀರನ್ನು ಒದಗಿಸುವದು ಸಾಧ್ಯವೇ? ಉತ್ತರ ಬರೆದು, ನೋಡಿದ ಬಳಿಕ ಚೀಲ ಬಿಚ್ಚುವದನ್ನು ಮರೆಯಬೇಡಿರಿ.