ದುಡ್ಡಿದ್ದಾಗ ಹಾಸನ, ಇಲ್ಲದಾಗ ನಮ್ಮೂರ ಅಂಗಡಿ: ಉದ್ರಿ ಪುಸ್ತಕದಿಂದ ಒಂದು ಪಾಠ



ಮಾದಿಹಳ್ಳಿ ಹೋಬಳಿಯ ಒಂದು ಸ್ವಸಹಾಯ ಸಂಘದ ಮಾಸಿಕ ಸಭೆಯಲ್ಲಿ ನಡೆದ ಮಾತಿನಿಂದ ಈ ತಿಂಗಳ ಪಾಠವನ್ನು ಆರಂಭಿಸುತ್ತೇವೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ಇನ್ನೇನು ಎಲ್ಲರೂ ಏಳಬೇಕು ಅನ್ನುವಾಗ ಒಬ್ಬ ಸದಸ್ಯೆ ಕೈಚೀಲದಿಂದ ಮೊಳದುದ್ದದ ಬಿಲ್ಲು ತೆಗೆದು ತೋರಿಸಿದರು. ಹಾಸನದ ದೊಡ್ಡ ಮಳಿಗೆಯಿಂದ ತಂದ ಸಾಮಾನಿನ ಬಿಲ್ಲು. ಕೊನೆಯಲ್ಲಿ "ನೀವು ಇಂದು ಉಳಿಸಿದ ಹಣ" ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. "ಬಸ್ಸೂ ಫ್ರೀ, ಎಣ್ಣೆನೂ ಅಗ್ಗ. ಇನ್ನು ಇಲ್ಲಿ ಯಾಕೆ ತಗೋಬೇಕು ಹೇಳಿ?" ಎಂದು ಅವರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರ ಪಕ್ಕದಲ್ಲೇ ಕುಳಿತಿದ್ದ ಇನ್ನೊಬ್ಬ ಸದಸ್ಯೆ ತಲೆ ತಗ್ಗಿಸಿದರು. ಆಕೆ ಇದೇ ಸಂಘದಿಂದ 30,000 ರೂಪಾಯಿ ಸಾಲ ಪಡೆದು ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಆ ಸಾಲಕ್ಕೆ ಎಲ್ಲರೂ ಕೈ ಎತ್ತಿ ಒಪ್ಪಿಗೆ ಕೊಟ್ಟಿದ್ದರು. ಕೊಟ್ಟದ್ದು ನಾವೇ, ಈಗ ಬೇರೆ ಕಡೆ ಹೋಗುತ್ತಿರುವುದೂ ನಾವೇ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಂಗಡಿಯ ಸದಸ್ಯೆ ನಿಧಾನವಾಗಿ ಹೇಳಿದರು: "ದುಡ್ಡಿದ್ದಾಗ ಹಾಸನ, ಇಲ್ಲದಾಗ ನಾನು. ನಗದು ಅಲ್ಲಿಗೆ ಹೋಗತ್ತೆ, ಉದ್ರಿ ನನ್ನ ಹತ್ರ ಬರತ್ತೆ. ನಾನು ಹೇಗೆ ಅಗ್ಗಕ್ಕೆ ಕೊಡಲಿ?" ಈ ಒಂದು ಮಾತಿನಲ್ಲಿ ಇಡೀ ಪಾಠ ಇದೆ. ಇದನ್ನು ಬಿಡಿಸಿ ನೋಡೋಣ.

ಮೊದಲು ದೊಡ್ಡ ಮಳಿಗೆಗಳ ಕಡೆಯ ನ್ಯಾಯವನ್ನೂ ಹೇಳಬೇಕು. ಬರೀ ಬೈದು ಪ್ರಯೋಜನವಿಲ್ಲ. ಅವರು ಲಾರಿಗಟ್ಟಲೆ ಸಾಮಾನನ್ನು ಕಂಪನಿಯಿಂದ ನೇರವಾಗಿ ಕೊಳ್ಳುತ್ತಾರೆ, ಆದ್ದರಿಂದ ನಡುವಿನ ಏಜೆಂಟರ ಪಾಲು ಉಳಿಯುತ್ತದೆ. ಮಾರಿದ ದುಡ್ಡು ಅವತ್ತೇ ಕೈಗೆ ಬರುತ್ತದೆ, ಮಾಲು ಕೊಟ್ಟವರಿಗೆ ಎಷ್ಟೋ ದಿನ ಬಿಟ್ಟು ಹಣ ಕೊಡುತ್ತಾರೆ. ಅಂದರೆ ಬೇರೆಯವರ ದುಡ್ಡಿನಲ್ಲಿ ವ್ಯಾಪಾರ. ನಮ್ಮ ಸಣ್ಣ ಅಂಗಡಿಯಲ್ಲಿ ಇದು ತಿರುಗುಮುರುಗು. ಇನ್ನು ಅಲ್ಲಿ ಬಿಲ್ಲು ಕೊಡುತ್ತಾರೆ, ಸಾಮಾನನ್ನು ಕೈಯಲ್ಲಿ ಹಿಡಿದು ತಾರೀಕು ಓದಬಹುದು. ನೀನ್ಯಾರ ಮನೆಯವಳು, ಯಾವ ಕೇರಿಯವಳು ಅಂತ ಯಾರೂ ಕೇಳಲ್ಲ. ಕೆಲವು ಊರುಗಳಲ್ಲಿ ಅಂಗಡಿ ಮುಂದೆ ಕೆಲವರನ್ನು ಕಾಯಿಸಿ ಆಮೇಲೆ ಸಾಮಾನು ಕೊಡುವ ಅಭ್ಯಾಸ ಇತ್ತು, ಪೂರ್ತಿ ಹೋಗಿದೆ ಅಂತ ಹೇಳುವ ಧೈರ್ಯ ನಮಗಿಲ್ಲ. ಮುಟ್ಟಿನ ಪ್ಯಾಡು ಬೇಕಾದರೆ ಹತ್ತು ಜನ ಗಂಡಸರ ಎದುರು ಪಿಸುಗುಟ್ಟಿ ಪೇಪರಿನಲ್ಲಿ ಸುತ್ತಿಸಿಕೊಳ್ಳಬೇಕಿಲ್ಲ. ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವೇ? ಊರಿನ ಅಂಗಡಿಯವರು ಇದನ್ನು ಕೇಳಿಸಿಕೊಳ್ಳಬೇಕು.

ಈಗ ಬಿಲ್ಲಿನ ಲೆಕ್ಕಕ್ಕೆ ಬರೋಣ. ಆ ಸಭೆಯಲ್ಲಿ ಬಿಲ್ಲನ್ನು ಮಧ್ಯೆ ಇಟ್ಟು ಕರಿಹಲಗೆಯ ಮೇಲೆ ಬರೆದೆವು. ಪಟ್ಟಿ ಮಾಡಿಕೊಂಡು ಹೋಗಿದ್ದ ಸಾಮಾನುಗಳಲ್ಲಿ, ನಮ್ಮೂರ ಬೆಲೆಗೆ ಹೋಲಿಸಿದರೆ, ಉಳಿದದ್ದು 120 ರೂಪಾಯಿ. ಪಟ್ಟಿಯಲ್ಲಿ ಇಲ್ಲದೆ ಬುಟ್ಟಿಗೆ ಬಿದ್ದದ್ದು: ಒಂದು ಕೊಂಡರೆ ಒಂದು ಉಚಿತದ ಬಿಸ್ಕತ್ತು, ಪ್ಲಾಸ್ಟಿಕ್ ಡಬ್ಬಿ, ಮಗು ಹಟ ಮಾಡಿದ ಚಾಕೊಲೇಟು. ಒಟ್ಟು 260 ರೂಪಾಯಿ. ಇದು ಆಕೆಯ ದಡ್ಡತನ ಅಲ್ಲ. ಆ ಮಳಿಗೆಗಳನ್ನು ಕಟ್ಟುವುದೇ ಹಾಗೆ. ದಿನಾ ಬೇಕಾದ ಅಕ್ಕಿ, ಬೇಳೆಯನ್ನು ಹಿಂದೆ ಇಡುತ್ತಾರೆ, ಅಲ್ಲಿಗೆ ಹೋಗುವಷ್ಟರಲ್ಲಿ ನಾಲ್ಕು ಸಾಲು ದಾಟಬೇಕು. ಬಿಲ್ಲು ಹಾಕುವ ಜಾಗದಲ್ಲಿ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಮಿಠಾಯಿ. ಎಣ್ಣೆ, ಸಕ್ಕರೆಯಂಥ ಎಲ್ಲರಿಗೂ ಬೆಲೆ ಗೊತ್ತಿರುವ ವಸ್ತುವನ್ನು ಅಗ್ಗಕ್ಕೆ ಕೊಟ್ಟು, ಬೆಲೆ ಗೊತ್ತಿಲ್ಲದ ವಸ್ತುವಿನಲ್ಲಿ ಸರಿಮಾಡಿಕೊಳ್ಳುತ್ತಾರೆ.

ಬಸ್ಸು ಫ್ರೀ ಎನ್ನುವ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಗೆ, ಕಚೇರಿಗೆ, ತವರಿಗೆ ಯಾರ ಹತ್ತಿರವೂ ಕೈಯೊಡ್ಡದೆ ಹೋಗಿಬರುವಂತಾಯಿತು. ಅದು ದೊಡ್ಡ ಉಪಕಾರ. ಆದರೆ ಟಿಕೆಟಿಗೆ ದುಡ್ಡಿಲ್ಲ ಅಂದ ಮಾತ್ರಕ್ಕೆ ಪ್ರಯಾಣಕ್ಕೆ ಖರ್ಚಿಲ್ಲ ಅಂತಲ್ಲ. ಮಾದಿಹಳ್ಳಿ ಕಡೆಯ ಹಳ್ಳಿಯಿಂದ ಹಾಸನಕ್ಕೆ ಹೋಗಿ ಸಾಮಾನು ಹೊತ್ತು ಬರುವಷ್ಟರಲ್ಲಿ ಅರ್ಧ ದಿನ ಹೋಯಿತು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನೇ ಅಳತೆ ಇಟ್ಟುಕೊಂಡರೂ ಅರ್ಧ ದಿನಕ್ಕೆ 185 ರೂಪಾಯಿ ಆಯಿತು. ಹೋಟೆಲಿನಲ್ಲಿ ಕಾಫಿ, ತಿಂಡಿ 60. 120 ಉಳಿಸಲು 245 ಕಳೆದೆವು, ಬಿಸ್ಕತ್ತು ಚಾಕೊಲೇಟು ಬೇರೆ. "ನಮ್ಮ ಕೆಲಸಕ್ಕೂ ಕೂಲಿ ಹಾಕ್ತೀರಾ?" ಎಂದು ಒಬ್ಬರು ನಕ್ಕರು. ಹಾಕಲೇಬೇಕು. ನಾವು ಹಾಕದಿದ್ದರೆ ಇನ್ಯಾರು ಹಾಕುತ್ತಾರೆ? ಹಾಗಂತ ಬೇರೆ ಕೆಲಸಕ್ಕೆ ಹಾಸನಕ್ಕೆ ಹೋದವರು ಚೀಟಿಯಲ್ಲಿ ಬರೆದದ್ದನ್ನು ಮಾತ್ರ ತಂದರೆ ಆ 120 ರೂಪಾಯಿ ನಿಜವಾಗಿ ಉಳಿತಾಯವೇ. ಅದನ್ನು ಬೇಡ ಎನ್ನುವುದಿಲ್ಲ.

ಇನ್ನು ಬಹಳ ಜನ ಗಮನಿಸದ ಒಂದು ವಿಷಯ ಇದೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಆದರೆ ಈಗ 800, 850 ಗ್ರಾಂ ತುಂಬಿದ ಪೊಟ್ಟಣಗಳೂ ಬರುತ್ತವೆ, ನೋಡಲು ಅಷ್ಟೇ ದಪ್ಪ. ನಮ್ಮೂರಲ್ಲಿ 910 ಗ್ರಾಂಗೆ 150 ರೂಪಾಯಿ, ಅಲ್ಲಿ 800 ಗ್ರಾಂಗೆ 138 ರೂಪಾಯಿ ಅಂತ ಇಟ್ಟುಕೊಳ್ಳಿ. 12 ರೂಪಾಯಿ ಅಗ್ಗ ಅಂತ ಕಾಣತ್ತೆ. 100 ಗ್ರಾಂ ಲೆಕ್ಕ ಹಾಕಿದರೆ ನಮ್ಮೂರಲ್ಲಿ ಸುಮಾರು 16 ರೂಪಾಯಿ 50 ಪೈಸೆ, ಅಲ್ಲಿ 17 ರೂಪಾಯಿ 25 ಪೈಸೆ. ಅಗ್ಗ ಅಂದುಕೊಂಡದ್ದೇ ದುಬಾರಿ. ಲೆಕ್ಕ ಬರದವರೂ ಹೆದರಬೇಕಿಲ್ಲ. ಈಗ ಪೊಟ್ಟಣದ ಮೇಲೆ ಎಂ.ಆರ್.ಪಿ. ಪಕ್ಕದಲ್ಲಿ ಗ್ರಾಮಿಗೆ ಇಷ್ಟು, ಅಥವಾ ಕೆ.ಜಿ.ಗೆ ಇಷ್ಟು ಎಂದು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಆದರೆ ಅದು ಎಂ.ಆರ್.ಪಿ. ಮೇಲಿನ ಲೆಕ್ಕ, ರಿಯಾಯಿತಿ ಕಳೆದು ಹಾಕಿದ್ದಲ್ಲ ಎಂಬುದು ನೆನಪಿರಲಿ. ಶಾಲೆಗೆ ಹೋಗುವ ಮಗಳಿಂದ ಓದಿಸಿಕೊಳ್ಳಿ, ಅವಳಿಗೂ ಲೆಕ್ಕ ಕಲಿತಂತಾಗುತ್ತದೆ. ಬೇಳೆ, ಅಕ್ಕಿ, ಹಿಟ್ಟಿನ ವಿಷಯದಲ್ಲಿ ಇನ್ನೊಂದಿದೆ: 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಾಕಿದ ಪೊಟ್ಟಣಕ್ಕೆ ಶೇಕಡ 5 ಜಿ.ಎಸ್.ಟಿ. ಬಂತು. ಅಂಗಡಿಯಲ್ಲಿ ಮೂಟೆಯಿಂದ ತೆಗೆದು ಬಿಡಿಯಾಗಿ ತೂಗಿಕೊಟ್ಟರೆ ಆ ತೆರಿಗೆ ಇಲ್ಲ.

ಈಗ ಉದ್ರಿ ಪುಸ್ತಕಕ್ಕೆ ಬರೋಣ. ನಾವು ಈ ಪಾಠ ಬರೆದದ್ದೇ ಅದಕ್ಕೆ.

"ಇಂದು ನಗದು, ನಾಳೆ ಉದ್ರಿ" ಎಂದು ಬೋರ್ಡು ಹಾಕದ ಅಂಗಡಿ ಇಲ್ಲ, ಉದ್ರಿ ಕೊಡದ ಅಂಗಡಿಯೂ ಇಲ್ಲ. ನಮ್ಮ ಸದಸ್ಯೆಯ ಪುಸ್ತಕ ತೆಗೆದು ಕೂಡಿಸಿದಾಗ ಬರಬೇಕಾದ ಬಾಕಿ 20,000 ರೂಪಾಯಿ ದಾಟಿತ್ತು. ಹೆಚ್ಚಿನ ಹೆಸರುಗಳು ಆ ಸಭೆಯಲ್ಲಿ ಕುಳಿತವರದ್ದೇ. ಸಂಘ ಕೊಟ್ಟ 30,000ದಲ್ಲಿ ಮೂರರಲ್ಲಿ ಎರಡು ಪಾಲು ನಮ್ಮ ಅಡುಗೆಮನೆಗೆ ಬಂದು ಕೂತಿದೆ, ಕಂತು ಮತ್ತು ಬಡ್ಡಿ ಮಾತ್ರ ಆಕೆ ಕಟ್ಟುತ್ತಿದ್ದಾರೆ! ಕೈಯಲ್ಲಿ ನಗದು ಇಲ್ಲದ್ದರಿಂದ ಆಕೆ ಅರಸೀಕೆರೆಗೋ ಹಾಸನಕ್ಕೋ ಹೋಗಿ ಸಗಟು ಅಂಗಡಿಯಲ್ಲಿ ಮೂಟೆ ಲೆಕ್ಕದಲ್ಲಿ ತರಲಾರರು. ವಾರಕ್ಕೊಮ್ಮೆ ಬಾಗಿಲಿಗೆ ಬರುವ ವ್ಯಾನಿನವರ ಹತ್ತಿರ ಅವರು ಹೇಳಿದ ಬೆಲೆಗೆ ಐದು ಪೊಟ್ಟಣ, ಹತ್ತು ಪೊಟ್ಟಣ ತಗೊಳ್ಳುತ್ತಾರೆ. ಕೊಳ್ಳುವುದೇ ಹೆಚ್ಚಿಗೆ, ಮಾರುವುದೂ ಹೆಚ್ಚಿಗೆ. ಹಾಗಾಗಿ ಹಾಸನದ ಬೆಲೆಗೂ ನಮ್ಮೂರ ಬೆಲೆಗೂ ಇರುವ ಅಂತರದಲ್ಲಿ ಒಂದು ಪಾಲು ನಾವೇ ಕೊಡದೆ ಇಟ್ಟುಕೊಂಡ ಬಾಕಿಯಿಂದ ಹುಟ್ಟಿದ್ದು.

ಉದ್ರಿ ನಮಗೂ ಬಿಟ್ಟಿ ಅಲ್ಲ. ಉದ್ರಿ ಗಿರಾಕಿಗೆ ಬೆಲೆ ಕೇಳುವ ಬಾಯಿ ಇರುವುದಿಲ್ಲ. ಕೊಟ್ಟದ್ದನ್ನು ತಗೋಬೇಕು, ಬರೆದದ್ದನ್ನು ನಂಬಬೇಕು. ತಿಂಗಳಿಗೆ 2,000 ರೂಪಾಯಿ ಸಾಮಾನು ಉದ್ರಿ ತರುವವರಿಗೆ ರೂಪಾಯಿಗೆ ಐದು ಪೈಸೆ ಹೆಚ್ಚು ಬಿದ್ದರೂ ತಿಂಗಳಿಗೆ 100 ರೂಪಾಯಿ ಆಯಿತು. ಅದೇ 2,000 ರೂಪಾಯಿಯನ್ನು ಸಂಘದಿಂದ ನೂರಕ್ಕೆ ಎರಡರಂತೆ ಸಾಲ ಪಡೆದರೆ ತಿಂಗಳ ಬಡ್ಡಿ 40 ರೂಪಾಯಿ. ಆ 40 ಕೂಡ ಕೊನೆಗೆ ಸಂಘದ ಲಾಭಕ್ಕೇ ಸೇರುತ್ತದೆ. ಅಷ್ಟು ಸಾಲ ಪಡೆದು ಹಳೇ ಬಾಕಿ ಚುಕ್ತ ಮಾಡಿ, ನಾಳೆಯಿಂದ ನಗದು ಕೊಟ್ಟು, "ನಗದಿಗೆ ಎಷ್ಟಕ್ಕೆ ಕೊಡ್ತೀಯ?" ಎಂದು ಧೈರ್ಯವಾಗಿ ಕೇಳಬಹುದು. ಎಂ.ಆರ್.ಪಿ. ಎಂದರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದು ಅಂತ ಅಷ್ಟೇ. ಕಡಿಮೆಗೆ ಮಾರಲು ಯಾರ ಅಡ್ಡಿಯೂ ಇಲ್ಲ. ತಣ್ಣಗೆ ಇಟ್ಟಿದ್ದೇವೆ ಎಂದು ಪಾನೀಯಕ್ಕೆ ಎರಡು ರೂಪಾಯಿ ಜಾಸ್ತಿ ಕೇಳುವುದೂ ತಪ್ಪು. ದೊಡ್ಡ ಮಳಿಗೆಯಾಗಲಿ, ಪೆಟ್ಟಿಗೆ ಅಂಗಡಿಯಾಗಲಿ, ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು.

ನಗದು ವ್ಯಾಪಾರದ ಮಾತು ಹೊಸದೇನಲ್ಲ. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಊರಿನಲ್ಲಿ ಬಡ ನೇಕಾರರೂ ಇತರ ಕೆಲಸಗಾರರೂ ಸೇರಿ 28 ಜನ, ನಾವು ಉಳಿತಾಯ ಮಾಡುವ ಹಾಗೆಯೇ ವಾರ ವಾರ ಚಿಲ್ಲರೆ ಕೂಡಿಸಿ, 28 ಪೌಂಡ್ ಬಂಡವಾಳದಲ್ಲಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದ ಬತ್ತಿ: ಇಷ್ಟೇ ಸಾಮಾನು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಯಾರಿಗೂ ಉದ್ರಿ ಇಲ್ಲ. ಬಂದ ಲಾಭವನ್ನು ಯಾರು ಎಷ್ಟು ಕೊಂಡರೋ ಅಷ್ಟರ ಪ್ರಕಾರ ಹಂಚಿಕೊಂಡರು. ಅವರಿಗಿಂತ ಮುಂಚೆ ಉದ್ರಿ ಕೊಟ್ಟು ಮುಳುಗಿದ ಇಂಥ ಅಂಗಡಿಗಳನ್ನು ಅವರು ನೋಡಿದ್ದರು. ಜಗತ್ತಿನ ಸಹಕಾರ ಸಂಘಗಳು ಇಂದಿಗೂ ಅವರನ್ನು ನೆನೆಯುತ್ತವೆ.

ದೊಡ್ಡದೆಲ್ಲ ಉಳಿಯುತ್ತದೆ ಎಂದೂ ತಿಳಿಯಬೇಡಿ. 1997ರಲ್ಲಿ ಚೆನ್ನೈನಲ್ಲಿ ಶುರುವಾದ ಸುಭಿಕ್ಷಾ ದೇಶದಾದ್ಯಂತ ಸುಮಾರು 1,600 ಅಂಗಡಿ ತೆರೆದು, ಕೈಯಲ್ಲಿ ಹಣವಿಲ್ಲದೆ 2009ರಲ್ಲಿ ಬಾಗಿಲು ಹಾಕಿತು. 2001ರಲ್ಲಿ ಬಂದ ಬಿಗ್ ಬಜಾರ್ ಸಾಲದಲ್ಲಿ ಸಿಕ್ಕಿ 2022ರಲ್ಲಿ ಮುಚ್ಚಿತು. ನಗರದವರಿಗೆ ಒಂದು ಹೋದರೆ ಇನ್ನೊಂದು ಇದೆ. ಹಳ್ಳಿಯಲ್ಲಿ ಇರುವ ಒಂದೇ ಕಿರಾಣಿ ಅಂಗಡಿ ಮುಚ್ಚಿಹೋದರೆ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಬಸ್ಸು ನಿಂತಾಗ ನಮಗೆ ಉಪ್ಪು, ಎಣ್ಣೆ ಯಾರು ಕೊಟ್ಟರು ಎಂದು ನೆನಪು ಮಾಡಿಕೊಳ್ಳಿ. ರಾತ್ರಿ ಹತ್ತು ಗಂಟೆಗೆ ಮಗುವಿಗೆ ಭೇದಿ ಹತ್ತಿದಾಗ ಓ.ಆರ್.ಎಸ್. ಪೊಟ್ಟಣಕ್ಕೆ ನಾವು ತಟ್ಟುವುದು ಯಾರ ಬಾಗಿಲು?

ಆ ಸಂಘದಲ್ಲಿ ಮುಂದೆ ಏನಾಯಿತು ಎಂದು ನೀವು ಕೇಳುತ್ತೀರಿ. ಒಂಬತ್ತು ಜನ ಸಂಘದಿಂದ ಚಿಕ್ಕ ಸಾಲ ಪಡೆದು ಬಾಕಿ ತೀರಿಸಿದರು. ಅಂಗಡಿಯ ಸದಸ್ಯೆ ಆ ಹಣದಲ್ಲಿ ಅರಸೀಕೆರೆಯಿಂದ ಬೇಳೆ, ಸಕ್ಕರೆ ಮೂಟೆಯಲ್ಲೇ ತಂದರು. ಎಣ್ಣೆಗೆ 6 ರೂಪಾಯಿ ಇಳಿಸಿದರು, ಬೇಳೆಯ ಬೆಲೆಯೂ ಹಾಸನದ ಹತ್ತಿರಕ್ಕೆ ಬಂತು. ಸೋಪು, ಸೋಪಿನ ಪುಡಿಯಲ್ಲಿ ಮಾತ್ರ ಪೈಪೋಟಿ ಮಾಡಲು ಆಗಲಿಲ್ಲ, ಅದನ್ನು ಈಗಲೂ ಹಾಸನದಿಂದ ತರುವವರು ತರುತ್ತಾರೆ. ಸಭೆಯಲ್ಲಿ ಕೇಳಿದ ಮಾತಿಗೆ ಆಕೆ ಪ್ಯಾಡುಗಳನ್ನು ಒಳಬಾಗಿಲ ಹತ್ತಿರ, ಹೆಂಗಸರೇ ಕೈಹಾಕಿ ತಗೊಳ್ಳುವ ಹಾಗೆ ಜೋಡಿಸಿದರು. ತಕ್ಕಡಿಗೆ ಇಲಾಖೆಯ ಮುದ್ರೆ ಹಾಕಿಸಿದರು. ಮೂರು ತಿಂಗಳಲ್ಲಿ ಇಬ್ಬರು ಮತ್ತೆ ಉದ್ರಿ ಶುರು ಮಾಡಿದ್ದಾರೆ. ಒಬ್ಬರ ಮನೆಯಲ್ಲಿ ಆಪರೇಷನ್, ಇನ್ನೊಬ್ಬರ ಮನೆಯಲ್ಲಿ ಕೂಲಿ ಇರಲಿಲ್ಲ. ಅಂಥವರಿಗೆ ಉದ್ರಿ ಬೇಡ ಎನ್ನಲು ನಮಗೂ ಬಾಯಿ ಬರಲಿಲ್ಲ. ಎಷ್ಟು ರೂಪಾಯಿವರೆಗೆ, ಎಷ್ಟು ದಿನಕ್ಕೆ ಎಂದು ಮಾತ್ರ ಸಂಘ ನಿಗದಿ ಮಾಡಿತು.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಒಂದು ತಿಂಗಳ ಸಾಮಾನಿನ ಚೀಟಿಯನ್ನು, ಊರಿನದ್ದಾಗಲಿ ಹಾಸನದ್ದಾಗಲಿ, ಎಸೆಯದೆ ತನ್ನಿ. ಉದ್ರಿ ಬಾಕಿ ಎಷ್ಟಿದೆ ಎಂದು ಅಂಗಡಿಯವರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಚಿಕೆ ಬೇಡ, ಎಲ್ಲರದ್ದೂ ಇದ್ದೇ ಇರುತ್ತದೆ. ಹಾಳೆಗಳನ್ನು ಮಧ್ಯೆ ಇಟ್ಟು ಇಷ್ಟನ್ನು ಚರ್ಚಿಸಿ: ನಮ್ಮ ಸಂಘದ ಎಲ್ಲ ಮನೆಗಳ ಬಾಕಿ ಸೇರಿ ಎಷ್ಟಾಯಿತು? ಚೀಟಿಯಲ್ಲಿ ಬರೆಯದೆ ಬಂದ ಸಾಮಾನು ಯಾವುದು? ನಮ್ಮ ಸಂಘದ ಸಾಲದಿಂದ ವ್ಯಾಪಾರ ಮಾಡುವ ಸದಸ್ಯೆಯ ಹತ್ತಿರ ಕಳೆದ ತಿಂಗಳು ಎಷ್ಟು ಜನ ನಗದು ಕೊಟ್ಟು ಕೊಂಡಿದ್ದೇವೆ? ಆಕೆಯ ಸಾಲದಲ್ಲಿ ಇನ್ನೆಷ್ಟು ಕಂತು ಬಾಕಿ ಇದೆ?